ಹದಿನಾರು ಕೆರೆ ಹೆಬ್ಬಾತಿನ ಕೊರಳಪಟ್ಟಿ ಓದೋಕೆ ಸಹಾಯ ಬೇಕು
ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯ ಪಟ್ಟೆತಲೆ ಹೆಬ್ಬಾತುಗಳಲ್ಲಿ ಒಂದಕ್ಕೆ ಕೊರಳಪಟ್ಟಿ (ಹಕ್ಕಿಯ ಗುರುತಿಗೆ ಸಂಶೋಧಕರು ಕತ್ತಿಗೆ ಹಾಕೋ ಅಕ್ಷರವಿರೋ ಪಟ್ಟಿ) ಇದೆ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹಕ್ಕಿಗಳು ಈ ಕಡೆ ಬರೋದು ಹೊಸದಲ್ಲ; ಆದರೆ ಅಕ್ಷರ ಊಹಿಸಿ ವರದಿ ಕಳಿಸಿದರೆ ಕಳಿಸದಿದ್ದದ್ದೇ ವಾಸಿ.

ನಾನು ಫೋಟೋ ತೆಗೆದದ್ದು ಹೀಗೆ: 600 ಎಂಎಂ ಲೆನ್ಸ್, ಎಫ್ 6.3, 1/2000 ಸೆಕೆಂಡ್, ದೂರ ಸುಮಾರು 150 ಮೀಟರ್. ಫೋಕಸ್ ತಪ್ಪಿಲ್ಲ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗಿ ಮೊದಲ ಅಕ್ಷರ ‘ಎಫ್’ ಇದ್ದೀತು, ‘ಪಿ’ಯೂ ಇದ್ದೀತು. ಶಟರ್ ವೇಗ ಏರಿಸಿದರೂ ಅಷ್ಟೇ. ಚಿತ್ರ ಇನ್ನಷ್ಟು ಹಿಗ್ಗಿಸೋ ಟೆಲಿಕನ್ವರ್ಟರ್ ಹಾಕಿದರೆ ನಡುಕವೂ ದೊಡ್ಡದಾಗುತ್ತೆ. ಕೆರೆ ಏರಿಯಿಂದ ಇಳಿದು ಹತ್ತಿರ ಹೋಗಿ ಅನ್ನೋ ಸಲಹೆ ಬೇಡ, ಹಿಂಡು ಎದ್ದುಬಿಡುತ್ತೆ.

60 ಪಟ್ಟು ಹಿಗ್ಗಿಸೋ ಸ್ಪಾಟಿಂಗ್ ಸ್ಕೋಪ್, ಗಟ್ಟಿ ಟ್ರೈಪಾಡ್ ಇರೋರು ಭಾನುವಾರ ಬೆಳಿಗ್ಗೆ 6.30ಕ್ಕೆ ಬರ್ತೀರಾ? ಗದ್ದೆಯಲ್ಲಿ ಮೇದು ವಾಪಸಾಗಿ ದಡದಲ್ಲಿ ಗರಿ ತೀಡೋ ಹೊತ್ತದು, ಕತ್ತು ನೆಟ್ಟಗಿದ್ದಾಗ ಪಟ್ಟಿ ಪೂರ್ತಿ ಕಾಣುತ್ತೆ. ಈ ಹಕ್ಕಿಯ ಹಳೇ ಫೋಟೋ ಇದ್ರೆ ಒರಿಜಿನಲ್ ಫೈಲೇ ಹಾಕಿ.