ತೀರ್ಥನ್ ಹೊಳೆಯ ಟ್ರೌಟ್ ಫ್ಲೈ ಹತ್ತಿರ ಬಂದು ವಾಪಸ್ ಹೋಗುತ್ತಿದೆ, ಯಾಕೆ?

ತುಂಗೆಯ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಎರೆಹುಳ ಸಿಕ್ಕಿಸಿ ಗಾಳ ಹಾಕುತ್ತಾ ಬೆಳೆದವನು. ಫ್ಲೈ ಫಿಶಿಂಗ್, ಅಂದರೆ ಗರಿ, ಕೂದಲು ಕಟ್ಟಿ ಹುಳದ ಹಾಗೆ ಮಾಡಿದ ಕೊಕ್ಕೆಯಿಂದ (ಅದೇ ಫ್ಲೈ) ಮೀನು ಹಿಡಿಯುವುದು, ಶುರು ಮಾಡಿ ಒಂದು ವರ್ಷ ಆಯಿತು. ಹೋದ ಅಕ್ಟೋಬರ್‌ನಲ್ಲಿ ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಹೋಗಿದ್ದೆ. ಗುಶೈನಿ ಹತ್ತಿರ ಮೂರು ದಿನ ಗಾಳ ಹಾಕಿದರೂ ಒಂದು ಮೀನೂ ಸಿಗಲಿಲ್ಲ.

9 ಅಡಿಯ 5 ವೇಟ್ (ಲೈನಿನ ತೂಕದ ನಂಬರು) ರಾಡ್, ತೇಲುವ ಲೈನ್, ತುದಿಗೆ ಎಲ್ಕ್ ಹೇರ್ ಕ್ಯಾಡಿಸ್ ಅನ್ನುವ ತೇಲುವ ಫ್ಲೈ. ನೀರು ಗಾಜಿನ ಹಾಗಿತ್ತು. ದೊಡ್ಡ ಬಂಡೆಯ ಹಿಂದೆ ಒಂದು ಬ್ರೌನ್ ಟ್ರೌಟ್ ನಿಂತಿತ್ತು, ಅದರ ಪಕ್ಕೆಯ ಕೆಂಪು ಚುಕ್ಕೆಗಳೂ ಕಾಣುತ್ತಿದ್ದವು. ಫ್ಲೈ ಅದರ ಮೇಲೆ ಹೋದಾಗ ಮೇಲೆದ್ದು ಬಂತು, ಇನ್ನೇನು ಮೂತಿ ತಾಗಬೇಕು, ಅಷ್ಟರಲ್ಲಿ ತಿರುಗಿ ಕೆಳಗೆ ಹೋಗಿಬಿಟ್ಟಿತು. ಆಮೇಲೆ ಐದು ಸಲ ಫ್ಲೈ ಬದಲಿಸಿದೆ. ಬರಲೇ ಇಲ್ಲ. ಏಪ್ರಿಲ್‌ನಲ್ಲಿ ಮತ್ತೆ ಹೋಗುತ್ತಿದ್ದೇನೆ. ಫ್ಲೈ ತಪ್ಪಾ, ಎಸೆತ ತಪ್ಪಾ?

ಹೊಳೆಬದಿ:
ಫ್ಲೈ ಸರಿಯಾಗಿಯೇ ಇದೆ ಸರ್, ಇಲ್ಲದಿದ್ದರೆ ಅದು ಮೇಲೆ ಬರುತ್ತಲೇ ಇರಲಿಲ್ಲ. ನೀವು ಎಲ್ಲಿ ನಿಂತಿದ್ದಿರಿ, ಬಂಡೆ ಎಷ್ಟು ದೂರ ಇತ್ತು?

ತುಂಗೆಯ ಹುಡುಗ:
ಹೊಳೆಯ ಈಚೆ ದಡದಲ್ಲಿ, ಸರಿಯಾಗಿ ಎದುರಿಗೆ. ಸುಮಾರು 40 ಅಡಿ. ನಡುವೆ ಜೋರು ಸೆಳೆತ ಇತ್ತು.

ಹೊಳೆಬದಿ:
ಹಾಗಾದರೆ ಅದೇ ಕಾರಣ. ಬಂಡೆಯ ಹಿಂದೆ ನೀರು ನಿಧಾನ, ನಡುವೆ ಜೋರು. ನಿಮ್ಮ ಲೈನ್ ಬಿದ್ದಿದ್ದು ಆ ಜೋರು ನೀರಿನ ಮೇಲೆ. ಅದು ಲೈನನ್ನು ಕೆಳಗೆ ಎಳೆಯಿತು, ಲೈನ್ ಫ್ಲೈಯನ್ನು ಎಳೆಯಿತು. ಇದನ್ನೇ ಡ್ರ್ಯಾಗ್ ಅನ್ನುವುದು. ನಮ್ಮ ಕಣ್ಣಿಗೆ ಅದು ಸುಲಭಕ್ಕೆ ಗೊತ್ತಾಗುವುದಿಲ್ಲ, ಆದರೆ ದಿನವಿಡೀ ತೇಲಿ ಬರುವ ಹುಳ ತಿಂದು ಬದುಕುವ ಮೀನಿಗೆ ಯಾವ ಹುಳವೂ ಹಾಗೆ ಹೋಗುವುದಿಲ್ಲ ಅಂತ ಚೆನ್ನಾಗಿ ಗೊತ್ತು.

ಮುಂದಿನ ಸಲ ಫ್ಲೈ ಪಕ್ಕದ ನೊರೆಗುಳ್ಳೆಗಳನ್ನು ನೋಡಿ. ಗುಳ್ಳೆ ಹೋದಷ್ಟೇ ವೇಗದಲ್ಲಿ ಫ್ಲೈ ಹೋದರೆ ಸರಿ. ಫ್ಲೈ ಹಿಂದೆ ನೀರಿನಲ್ಲಿ ಸಣ್ಣ ಗೆರೆ ಎದ್ದರೂ ಆ ಎಸೆತ ಹೋದಂತೆಯೇ.

ಎದುರಿನಿಂದ ಎಸೆಯುವುದು ಬಿಡಿ. ಟ್ರೌಟ್ ನೀರು ಬರುವ ಕಡೆಗೆ ಮುಖ ಮಾಡಿ ನಿಲ್ಲುತ್ತದೆ, ಅದರ ಬೆನ್ನ ಹಿಂದಿನಿಂದ, ಅಂದರೆ ಕೆಳಗಿನಿಂದ ಬಗ್ಗಿಕೊಂಡು ಹತ್ತಿರ ಹೋಗಿ. 15-20 ಅಡಿ ಸಾಕು. ರಾಡ್ ಎತ್ತಿ ಹಿಡಿದು ಲೈನನ್ನು ಆದಷ್ಟು ನೀರಿಗೆ ತಾಗಿಸಬೇಡಿ, ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಮಾತ್ರ ತಾಗಲಿ. ದೂರ ಎಸೆಯಲೇಬೇಕಾದಾಗ ಲೈನ್ ಬಿದ್ದ ತಕ್ಷಣ ಅದರ ನಡುಭಾಗವನ್ನು ನೀರು ಬರುವ ಕಡೆಗೆ ಎತ್ತಿ ಹಾಕಿ, ಅದನ್ನೇ ಮೆಂಡ್ ಅನ್ನುವುದು. ನನಗೆ ಇದು ಕೈಗೆ ಹತ್ತಲು ಎರಡು ಸೀಸನ್ ಬೇಕಾಯಿತು. ನೀವು ಸುಮ್ನೆ ಹೊಸ ಫ್ಲೈ ಕೊಳ್ಳುತ್ತಾ ಹೋಗಬೇಡಿ.

ಕುಲ್ಲು ಕನ್ನಡಿಗ:
ಕೆಲಸದ ಮೇಲೆ ಇಲ್ಲಿಗೆ ಬಂದು ಆರು ವರ್ಷ ಆಯಿತು. ಏಪ್ರಿಲ್ ಬಗ್ಗೆ ಒಂದು ಮಾತು. ಹಿಮ ಕರಗುವ ಕಾಲ ಅದು. ಬೆಳಿಗ್ಗೆ ಹೊಳೆ ಇಳಿದು ತಿಳಿಯಾಗಿರುತ್ತದೆ, ಬಿಸಿಲು ಏರಿದ ಹಾಗೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆ, ಬಣ್ಣವೂ ಕದಡುತ್ತದೆ. ಇಳಿಯುವ ಮೊದಲು ದಡದ ಒಂದು ಕಲ್ಲು ಗುರುತು ಇಟ್ಟುಕೊಳ್ಳಿ. ಅದು ಮುಳುಗಲು ಶುರುವಾದರೆ ಮೀನು ಕಚ್ಚುತ್ತಿದ್ದರೂ ಮೇಲೆ ಬನ್ನಿ. ಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ, ಊರುಗೋಲು ಇಲ್ಲದೆ ಇಳಿಯಲೇಬೇಡಿ.

ತಣ್ಣೀರಿನಲ್ಲಿ ಮೀನು ತಳ ಬಿಟ್ಟು ಏಳುವುದು ಕಡಿಮೆ. ಅದಕ್ಕೆ ನಿಂಫ್, ಅಂದರೆ ನೀರೊಳಗಿನ ಮರಿಹುಳದ ಹಾಗಿರುವ ಮುಳುಗುವ ಫ್ಲೈ ಬೇಕು: ಮಣಿ ಹಾಕಿದ ಫೆಸೆಂಟ್ ಟೇಲ್ ಅಥವಾ ಹೇರ್ಸ್ ಇಯರ್, ಕೊಕ್ಕೆ 14 ಅಥವಾ 16ನೇ ಸೈಜು ಇಟ್ಟುಕೊಳ್ಳಿ. ಮೀನುಗಾರಿಕೆ ಇಲಾಖೆಯ ಪರ್ಮಿಟ್ ಕಡ್ಡಾಯ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮೊಟ್ಟೆ ಇಡುವ ಕಾಲ, ಆಗ ಹಿಡಿಯುವಂತಿಲ್ಲ. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಒಳಗೆ ಹೋಗಲು ಬೇರೆ ಅನುಮತಿ ಬೇಕು.

ಇನ್ನೊಂದು ವಿಷಯ. ಈ ಹೊಳೆ ಇನ್ನೂ ಹೀಗೆ ಹರಿಯುತ್ತಿದೆ ಅಂದರೆ ಜಲವಿದ್ಯುತ್ ಯೋಜನೆಗಳ ವಿರುದ್ಧ ಇಲ್ಲಿನ ಜನ ಕೋರ್ಟಿನವರೆಗೂ ಹೋಗಿದ್ದರಿಂದ. ಮಾಜಿ ಶಾಸಕ ದಿಲೇರಾಮ್ ಶಬಾಬ್ ಮುಂದೆ ನಿಂತು ಹೋರಾಡಿದವರು. ಇಲ್ಲಿ ಬಂದು ಮೀನು ಹಿಡಿಯುವ ಪ್ರತಿಯೊಬ್ಬರೂ ಅವರ ಹೆಸರು ತಿಳಿದಿರಬೇಕು ಅಂತ ನನ್ನ ಆಸೆ.

ಒದ್ದೆ ಕೈ:
ಹಿಡಿದ ಮೇಲಿನ ಮಾತು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊಕ್ಕೆಯ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ, ಆಮೇಲೆ ಅದಕ್ಕೆ ಬೂಸ್ಟು ರೋಗ ಬರಬಹುದು. ಫೋಟೋಗೆ ಅಂತ ಮೇಲೆತ್ತಿ ನಿಲ್ಲಬೇಡಿ. ನೀರಿನಲ್ಲೇ ಇಟ್ಟು, ಮುಖವನ್ನು ಹರಿವಿನ ಕಡೆ ಮಾಡಿ, ಅದೇ ಒದ್ದು ಹೋಗುವವರೆಗೆ ಹೊಟ್ಟೆ ಕೆಳಗೆ ಕೈ ಇಡಿ.

ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಅಮೆರಿಕ ಕಡೆಯದು, ಎರಡೂ ಹೊರಗಿನಿಂದ ತಂದು ಬಿಟ್ಟ ಮೀನುಗಳು. ಹಿಮಾಲಯದ ಹೊಳೆಗಳ ಸ್ವಂತ ಮೀನು ಸ್ನೋ ಟ್ರೌಟ್, ಅದು ಹೆಸರಿಗೆ ಟ್ರೌಟ್, ಜಾತಿಯಲ್ಲಿ ನಮ್ಮ ಮಹಶೀರ್‌ಗೆ ಹತ್ತಿರ. ಬಾಯಿ ತಲೆಯ ಅಡಿಯಲ್ಲಿ ಇರುತ್ತದೆ. ಸಿಕ್ಕಿದರೆ ಆ ಕ್ಷಣವೇ ಬಿಟ್ಟುಬಿಡಿ.

ತುಂಗೆಯ ಹುಡುಗ:
ಗುಶೈನಿಯಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಏಳೂವರೆಗೆ ಬಂಡೆಯ ಕೆಳಗಿನಿಂದ ಮೊಣಕಾಲೂರಿ ಹೋದೆ. ಮೂರನೇ ಎಸೆತಕ್ಕೆ ಲೀಡರ್ ಒಂದು ಕ್ಷಣ ನಿಂತ ಹಾಗಾಯಿತು, ಎತ್ತಿದೆ. ಒಂದೂವರೆ ಗೇಣು ಉದ್ದದ ಬ್ರೌನ್. ಬಿಡುವಾಗ ಬಾಲದಿಂದ ಕೈಗೆ ಹೊಡೆದು ಹೋಯಿತು, ಕೈ ಇನ್ನೂ ಜುಮ್ ಅನ್ನುತ್ತಿದೆ. ಹೊಳೆಬದಿ ಸರ್, ತುಂಬಾ ಥ್ಯಾಂಕ್ಸ್. ಒಂದು ಗಂಟೆಗೆ ಗುರುತಿನ ಕಲ್ಲು ಮುಳುಗಿತು, ಮೇಲೆ ಬಂದೆ. ನಾಳೆ ಬೆಳಿಗ್ಗೆ ಮೇಲಿನ ಗುಂಡಿಗೆ ಹೋಗುತ್ತೇನೆ.