ಆಸ್ಪತ್ರೆಲಿ ಕುಡಿಯೋ ವಿಷ್ಯ ಮುಚ್ಚಿಡೋದೇ ವಾಸಿನಾ?

ಸಣ್ಣತಂಗಿ:
ಅಣ್ಣಂಗೆ ವಿಪರೀತ ಹೊಟ್ಟೆನೋವು ಅಂತ ಹೋದ ತಿಂಗಳು ಎಮರ್ಜೆನ್ಸಿಗೆ ಕರ್ಕೊಂಡು ಹೋಗಿದ್ವಿ. ದಿನಾ ಕುಡೀತಾನೆ ಅಂತ ನಾನೇ ನಿಜ ಹೇಳ್ದೆ, ಅಲ್ಲಿಂದ ಶುರುವಾಯ್ತು ನೋಡಿ, ಡ್ಯೂಟಿ ಡಾಕ್ಟ್ರು ಅವನ ಮುಖಾನೂ ನೋಡ್ದೆ ನನ್ ಹತ್ರಾನೇ ಮಾತಾಡಿದ್ರು, ಪಕ್ಕದ ಬೆಡ್ಡಿಗೆ ಕೇಳ್ಸೋ ಹಾಗೆ "ಕುಡುಕ ಕೇಸು" ಅಂದ್ರು, ನೋವಿಗೆ ಇಂಜೆಕ್ಷನ್ ಕೇಳಿದ್ರೆ ಅದೂ ನಾಟಕ ಅನ್ನೋ ಥರ. ಸ್ಕ್ಯಾನ್ ಮಾಡೋ ಹೊತ್ತಿಗೆ ಸಂಜೆ, ಪ್ಯಾಂಕ್ರಿಯಾಸ್ ಊದ್ಕೊಂಡಿತ್ತು. ಮೂರನೇ ರಾತ್ರಿ ಹೊದಿಕೆ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಕೆಳಗೆ ಹಾಕ್ತಾ "ಇರುವೆ ಕಣೇ, ನಿಂಗೆ ಕಾಣಲ್ವಾ" ಅಂತಾನೆ. ಒಂದು ಇರುವೆನೂ ಇರ್ಲಿಲ್ಲ. ಕೈ ಕಟ್ಟಿ ಹಾಕಿದ್ರು. ಮುಂದಿನ ಸಲ ಕುಡಿಯೋ ಸುದ್ದಿನೇ ಎತ್ತಬೇಡ ಅಂತಾಳೆ ಅಮ್ಮ. ಸುಮ್ನಿರೋದೇ ಸರಿನಾ?

ರಾತ್ರಿಪಾಳಿ:
ನಾನು ನರ್ಸು. ಅಮ್ಮನ ಸಿಟ್ಟು ಅರ್ಥ ಆಗತ್ತೆ, ಆದ್ರೆ ದಯವಿಟ್ಟು ಮುಚ್ಚಿಡಬೇಡಿ. ದಿನಾ ಕುಡಿಯೋರು ಇದ್ದಕ್ಕಿದ್ದಂಗೆ ನಿಲ್ಸಿದ್ರೆ (ಆಸ್ಪತ್ರೆಗೆ ಸೇರಿದ್ರೂ ನಿಲ್ಸಿದಂಗೇ ತಾನೇ) ಮೊದಲು ಕೈನಡುಕ, ಬೆವರು, 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರ್ಬೋದು, ಎರಡ್ಮೂರು ದಿನಕ್ಕೆ ನಿಮ್ಮಣ್ಣಂಗೆ ಆದಂಗೆ ಇಲ್ಲದ್ದು ಕಾಣೋದು, ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಪ್ರಾಣಕ್ಕೇ ಅಪಾಯ. ಮೊದಲೇ ಗೊತ್ತಿದ್ರೆ ಡಯಜೆಪಾಮ್, ಲೊರಾಜೆಪಾಮ್ ಥರದ್ದು ಕೊಟ್ಟು ತಡೀಬೋದು, ಬಿ1 ವಿಟಮಿನ್ನೂ ಕೊಡ್ಬೇಕು, ಇಲ್ದಿದ್ರೆ ಮಿದುಳಿಗೆ ಪೆಟ್ಟು. ನೀವು ನಿಜ ಹೇಳಿದ್ರಿ, ಅವರು ಅದನ್ನ ಬೈಯೋಕೆ ಬಳಸಿದ್ರು, ಔಷಧಿ ಬರೆಯೋಕೆ ಬಳಸ್ಲಿಲ್ಲ. ಮುಂದಿನ ಸಲ ಕೊನೆಗೆ ಕುಡಿದಿದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತಾ, ಮೂರನ್ನೂ ಹೇಳಿ ಕೇಸ್ ಶೀಟಲ್ಲಿ ಬರೆಸಿ.

ಎದುರುಮಾತು:
ಸ್ಟಾಫ್ ಕಡೆಗೂ ಸ್ವಲ್ಪ ನೋಡ್ರಪ್ಪ. ಅದೇ ಮನುಷ್ಯ ನಾಲ್ಕನೇ ಸಲ ಬಂದು ಡಾಕ್ಟ್ರಿಗೇ ಕೈ ಎತ್ತಿದ್ರೆ ಯಾರಿಗೆ ತಾಳ್ಮೆ ಇರತ್ತೆ? ಚಟ ಹತ್ತಿಸ್ಕೊಂಡಿದ್ದು ಯಾರು?

ಐದನೇವರ್ಷ:
ಶುಗರ್ ಇರೋನು ಪಥ್ಯ ಬಿಟ್ಟು ನಾಲ್ಕನೇ ಸಲ ಬಂದ್ರೆ ಇನ್ಸುಲಿನ್ ಕೊಡಲ್ವಾ? ಕೈ ಎತ್ತೋದು ತಪ್ಪೇ ಬಿಡಿ, ನಾನೂ ಒಂದ್ಸಲ ಎತ್ತಿದೀನಂತೆ, ನೆನಪಿಲ್ಲ. ನಂದು ಹೆರಾಯಿನ್. ಹತ್ತು ದಿನ ಡಿಟಾಕ್ಸ್ ಮಾಡ್ಸಿ "ಮನಸ್ಸು ಗಟ್ಟಿ ಮಾಡ್ಕೊ" ಅಂತ ಕಳ್ಸಿದ್ರು. ಬಿಟ್ಟ ಮೇಲೆ ಮೈಗೆ ತಡ್ಕೊಳೋ ಶಕ್ತಿ ಇಳಿದಿರತ್ತೆ, ಹಳೇ ಅಳತೆಲೇ ತಗೊಂಡ್ರೆ ಉಸಿರು ನಿಲ್ಬೋದು ಅಂತ ಒಬ್ರೂ ಹೇಳ್ಲಿಲ್ಲ. ನಂದು ನಿಂತಿತ್ತು, ನಲೊಕ್ಸೋನ್ (ಹೆರಾಯಿನ್ ಪರಿಣಾಮ ಇಳಿಸೋ ಔಷಧಿ) ಕೊಟ್ಟು ಎಬ್ಸಿದ್ರು. ಹೆರಾಯಿನ್ ಬದಲು ಡಾಕ್ಟ್ರು ಅಳತೆ ಮಾಡಿ ಕೊಡೋ ಔಷಧಿ ಬ್ಯುಪ್ರೆನಾರ್ಫಿನ್, ಮೆಥಡೋನ್ ಎರಡೂ 2005ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿ ಸೇರಿವೆ, ಆದ್ರೂ ಡಾಕ್ಟ್ರೊಬ್ರು "ಒಂದು ಚಟ ಬಿಡ್ಸಿ ಇನ್ನೊಂದು ಹತ್ತಿಸ್ಲಾ" ಅಂತ ಬರ್ಕೊಡ್ಲಿಲ್ಲ. ಬೇರೆಯವರು ಕೊಟ್ರು. ಈಗ ದಿನಾ ಬೆಳಗ್ಗೆ ಮಾತ್ರೆ ನಾಲಿಗೆ ಕೆಳಗಿಟ್ಟು ಕರಗೋ ತನಕ ಬಾಯಿ ಮುಚ್ಕೊಂಡು ಕೂರ್ತೀನಿ (ಮನೇಲಿ ನೆಮ್ಮದಿಯಾಗಿರೋದು ಆ ಹತ್ತು ನಿಮಿಷನೇ ಅಂತಾಳೆ ಹೆಂಡ್ತಿ), ಆಮೇಲೆ ಕೆಲಸಕ್ಕೆ.

ಸಣ್ಣತಂಗಿ:
ಅಣ್ಣಂಗೆ ಎಲ್ಲಾ ಓದಿ ಹೇಳ್ದೆ. ಕೊನೆಗೆ ಕುಡಿದಿದ್ದು ಯಾವಾಗ ಅಂತ ಅಲ್ಲಿ ಯಾರಾದ್ರೂ ಕೇಳಿದ್ರಾ ಅಂದ್ರೆ "ನನ್ನನ್ನ ಯಾರೂ ಏನೂ ಕೇಳ್ಲಿಲ್ಲ" ಅಂದ. ಡಿಸ್ಚಾರ್ಜ್ ಆದ್ಮೇಲೆ ಮತ್ತೆ ಶುರು ಮಾಡಿದ್ದ, ಇವತ್ತಿಂದ ಪೂರ್ತಿ ಬಿಟ್ಟೆ ಅಂತ ರೂಮಿನ ಬಾಗ್ಲು ಹಾಕ್ಕೊಂಡಿದಾನೆ. ಹಂಗೆ ಮನೇಲೇ ಬಿಟ್ರೂ ಅಪಾಯನಾ?

ರಾತ್ರಿಪಾಳಿ:
ಹೌದು. ಮೊದಲು ಬಾಗ್ಲು ತೆಗೆಸಿ, ಒಬ್ಬನೇ ಇರೋದು ಬೇಡ. ನಾಳೆಗೆ ಅಂತ ಕಾಯ್ಬೇಡಿ, ಈಗ್ಲೇ ಕರ್ಕೊಂಡು ಹೋಗಿ.