ಹಾವು ಕಡಿತ ಈಗ ವರದಿ ಮಾಡಲೇಬೇಕಾದ ಕಾಯಿಲೆ: ಕೊಡಗಿನ ಆಸ್ಪತ್ರೆ, ತೋಟದವರ ಪ್ರಶ್ನೆಗಳಿಗೆ ಡಾಕ್ಟರ ಉತ್ತರ

ಗುಂಪಿನ ಅಡ್ಮಿನ್: ಮಳೆ ಹಿಡಿದಿದೆ, ತೋಟಗಳಲ್ಲಿ ಕಳೆ ಕೊಯ್ಯುವ ಕೆಲಸ ಶುರುವಾಗಿದೆ, ಹಾವು ಕಡಿತದ ಪ್ರಶ್ನೆಗಳು ಗುಂಪಿಗೆ ಬರುತ್ತಲೇ ಇವೆ. ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫಿಜಿಷಿಯನ್ ಆಗಿರುವ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ವೈದ್ಯರು, ಸಿಸ್ಟರ್‌ಗಳು, ತೋಟದವರು, ಆಶಾ ಕಾರ್ಯಕರ್ತೆಯರು ಯಾರು ಬೇಕಾದರೂ ಕೇಳಿ. ಈಗಲೇ ಯಾರಿಗಾದರೂ ಕಡಿದಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ (ಗೋಣಿಕೊಪ್ಪ, ನರ್ಸಿಂಗ್ ಹೋಂ ವೈದ್ಯರು): ಮೇಡಂ, ನಮ್ಮದು ಸಣ್ಣ ನರ್ಸಿಂಗ್ ಹೋಂ. ಹಾವು ಕಡಿದವರು ಬಂದರೆ ಡ್ರಿಪ್ ಹಾಕಿ, ಟಿಟಿ ಇಂಜೆಕ್ಷನ್ ಕೊಟ್ಟು ಮಡಿಕೇರಿಗೋ ಮೈಸೂರಿಗೋ ಕಳಿಸುತ್ತೇವೆ. ಹಾವು ಕಡಿತ ಈಗ ಅಧಿಸೂಚಿತ ಕಾಯಿಲೆ, ಅಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಆಗಿದೆ ಅನ್ನುತ್ತಾರೆ. ವರದಿ ನಾವು ಮಾಡಬೇಕಾ, ಅಡ್ಮಿಟ್ ಮಾಡಿಕೊಂಡವರು ಮಾಡಿದರೆ ಸಾಕಾ?

ಉತ್ತರ: ನೀವೂ ಮಾಡಬೇಕು ಡಾಕ್ಟ್ರೇ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಸರ್ಕಾರಿ, ಖಾಸಗಿ ಎಂಬ ಭೇದ ಇಲ್ಲ. ಕಡಿತವನ್ನೂ ಸಾವನ್ನೂ ಎರಡನ್ನೂ ತಿಳಿಸಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಾವು ಕಡಿತ ನಿಯಂತ್ರಣದ ರಾಷ್ಟ್ರೀಯ ಕ್ರಿಯಾಯೋಜನೆ ತಂದಿತು, 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕೆ ಇಳಿಸಬೇಕು ಅನ್ನುವುದು ಅದರ ಗುರಿ. ನವೆಂಬರ್‌ನಲ್ಲಿ ಉಳಿದ ರಾಜ್ಯಗಳಿಗೂ ಕರ್ನಾಟಕದ ಹಾಗೇ ಮಾಡಿ ಎಂದು ಕೇಂದ್ರದಿಂದ ಪತ್ರ ಹೋಯಿತು.

ಇಷ್ಟೆಲ್ಲ ಯಾಕೆ ಅಂದರೆ, 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ ಸುಮಾರು 58,000. ಆಸ್ಪತ್ರೆಗಳಿಂದ ಸರ್ಕಾರಕ್ಕೆ ಹೋಗುತ್ತಿದ್ದ ಲೆಕ್ಕ ಇದರ ಹತ್ತಿರಕ್ಕೂ ಬರುವುದಿಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಯಾರೂ ಔಷಧಿ ಕಳಿಸುವುದಿಲ್ಲ.

ಕೊಡಗಿನವರು ಇನ್ನೂ ಒಂದು ಕಾರಣಕ್ಕೆ ವರದಿ ಮಾಡಲೇಬೇಕು. ಕುಟ್ಟದ ಕಡೆಯವರು ಕೇರಳದ ಮಾನಂದವಾಡಿಗೆ ಹೋಗುತ್ತಾರೆ. ಮಾಕುಟ್ಟದವರು ಕೇರಳದ ಇರಿಟ್ಟಿಗೆ ಇಳಿಯುತ್ತಾರೆ. ಸಂಪಾಜೆ, ಕರಿಕೆಯವರು ಸುಳ್ಯ, ಮಂಗಳೂರಿನ ದಾರಿ ಹಿಡಿಯುತ್ತಾರೆ. ಕುಶಾಲನಗರದವರಿಗೆ ಮೈಸೂರೇ ಅಭ್ಯಾಸ. ಕಡಿದದ್ದು ನಮ್ಮ ಗದ್ದೆಯಲ್ಲಿ, ಲೆಕ್ಕ ಸೇರುವುದು ಇನ್ನೊಂದು ಜಿಲ್ಲೆಯ ಪಟ್ಟಿಗೆ. ಹಾಗಾಗಿ ಮೊದಲು ನೋಡಿದವರ ವರದಿಗೇ ಬೆಲೆ ಹೆಚ್ಚು. ಒಂದೇ ಕೇಸ್ ಎರಡು ಕಡೆಯಿಂದ ಬಂದರೆ ಹೆಸರು, ಊರು, ದಿನ ನೋಡಿ ಹೊಂದಿಸಿಕೊಳ್ಳಬಹುದು. ಬಾರದೇ ಹೋದದ್ದನ್ನು ಎಲ್ಲಿ ಅಂತ ಹುಡುಕುವುದು?

ನಿಮ್ಮ ಪ್ರಶ್ನೆಯಲ್ಲಿರುವ ಇನ್ನೊಂದು ಮಾತು ಹೇಳದೆ ಬಿಡಲಾರೆ. ಟಿಟಿ ಮೊದಲು ಕೊಡಬೇಡಿ. ಮಂಡಲದ ಹಾವು ಕಡಿದಿದ್ದರೆ ರಕ್ತ ಹೆಪ್ಪುಗಟ್ಟುವುದೇ ನಿಂತಿರಬಹುದು. ಆಗ ಮಾಂಸಖಂಡಕ್ಕೆ ಚುಚ್ಚಿದರೆ ಆ ಜಾಗದಲ್ಲೇ ರಕ್ತ ತುಂಬಿಕೊಳ್ಳುತ್ತದೆ. ಹೆಪ್ಪುಗಟ್ಟುತ್ತಿದೆ ಅಂತ ಖಾತ್ರಿಯಾದ ಮೇಲೆ ಕೊಟ್ಟರೆ ಸಾಕು.

ಪ್ರಶ್ನೆ (ಅದೇ ನರ್ಸಿಂಗ್ ಹೋಂನ ಕಂಪ್ಯೂಟರ್ ಕೆಲಸದವರು): ಎಲ್ಲಿ ತುಂಬುವುದು ಮೇಡಂ?

ಉತ್ತರ: ಐಎಚ್‌ಐಪಿಯಲ್ಲಿ, ಅಂದರೆ ಕೇಂದ್ರ ಸರ್ಕಾರದ ರೋಗ ಸರ್ವೇಕ್ಷಣೆಯ ಪೋರ್ಟಲ್‌ನಲ್ಲಿ. ಡೆಂಗಿ, ಇಲಿಜ್ವರದ ಕೇಸ್ ಹಾಕುವ ಪಿ ಫಾರಂನಲ್ಲೇ ಹಾವು ಕಡಿತವೂ ಇದೆ. ಲಾಗಿನ್ ಇಲ್ಲದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ಕೇಳಿ. ವಿಳಾಸದ ಕಡೆ ಪೇಷಂಟಿನ ಆಧಾರ್ ವಿಳಾಸ ಬರೆದು ಸುಮ್ಮನಾಗಬೇಡಿ. ಅಸ್ಸಾಂನಿಂದ ಕೆಲಸಕ್ಕೆ ಬಂದವರ ಆಧಾರ್‌ನಲ್ಲಿ ಅಸ್ಸಾಂ ಇರುತ್ತದೆ. ಕಡಿದದ್ದು ಯಾವ ಊರಿನ ಯಾವ ತೋಟದಲ್ಲಿ ಅನ್ನುವುದೂ ದಾಖಲೆಯಲ್ಲಿ ಇರಲಿ.

ಪ್ರಶ್ನೆ (ಸಿದ್ದಾಪುರ, ತೋಟದ ರೈಟರ್): ನಮಸ್ಕಾರ ಮೇಡಂ. ನಮ್ಮ ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೆ ಕಡಿದರೆ ನೇರ ಮೈಸೂರಿಗೆ ಹೋಗುವುದು ಒಳ್ಳೇದಾ? ದೊಡ್ಡ ಆಸ್ಪತ್ರೆ ಅಲ್ಲವಾ. ಇನ್ನೊಂದು, ಸಾಹುಕಾರ್ರು ಆ ಇಂಜೆಕ್ಷನ್ ತಂದು ಬಂಗಲೆ ಫ್ರಿಜ್‌ನಲ್ಲಿ ಇಡೋಣ ಅನ್ನುತ್ತಿದ್ದಾರೆ.

ಉತ್ತರ: ಬೇಡ ಅಣ್ಣ, ಎರಡೂ ಬೇಡ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಾಗರಹಾವೋ ಕಟ್ಟುಹಾವೋ ಕಡಿದಿದ್ದರೆ ಆ ದಾರಿಯಲ್ಲೇ ಉಸಿರು ನಿಲ್ಲಬಹುದು. ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧಿ, ಮೈಸೂರಿನಲ್ಲಿ ಕೊಡುವುದೂ ಅದೇ, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡುವುದೂ ಅದೇ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ನಿಮಗೆ ವಿರಾಜಪೇಟೆ ಹತ್ತಿರ. ಜೀಪ್ ಹತ್ತುವ ಹೊತ್ತಿಗೇ ಒಬ್ಬರು ಆಸ್ಪತ್ರೆಗೆ ಫೋನ್ ಮಾಡಿ ಔಷಧಿ ಇದೆಯಾ, ಡ್ಯೂಟಿ ಡಾಕ್ಟರ್ ಇದ್ದಾರಾ ಕೇಳಿ. ಮೊದಲ ಡೋಸ್ ಇಲ್ಲಿ ಬಿದ್ದ ಮೇಲೆ ಡಯಾಲಿಸಿಸ್, ವೆಂಟಿಲೇಟರ್ ಬೇಕಾದರೆ ಮುಂದಕ್ಕೆ ಕಳಿಸುವುದು ನಮ್ಮ ಕೆಲಸ.

ಬಂಗಲೆಯಲ್ಲಿ ಇಡುವ ವಿಚಾರ ಸಾಹುಕಾರ್ರಿಗೆ ದಯವಿಟ್ಟು ಬಿಡಿಸಿ ಹೇಳಿ. ಆ ಔಷಧಿ ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕೆಲವರಿಗೆ ಕೊಟ್ಟ ಕೆಲವೇ ನಿಮಿಷದಲ್ಲಿ ಮೈಯೆಲ್ಲ ದದ್ದು ಎದ್ದು, ಬಿಪಿ ಕುಸಿದು, ಗಂಟಲು ಕಟ್ಟುತ್ತದೆ. ಅದನ್ನು ನಿಭಾಯಿಸಲು ಆಕ್ಸಿಜನ್, ಅಡ್ರಿನಾಲಿನ್, ತರಬೇತಾದವರು ಪಕ್ಕದಲ್ಲೇ ಇರಬೇಕು. ಆ ದುಡ್ಡಿನಲ್ಲಿ ಕೆಲಸದವರಿಗೆ ಗಮ್ ಬೂಟ್, ದಪ್ಪ ಗ್ಲೌಸ್, ಲೈನ್ ಮನೆ ಮುಂದೆ ಎರಡು ಲೈಟ್ ಹಾಕಿಸಲಿ. ಅದು ನಿಜವಾಗಿ ಜೀವ ಉಳಿಸುತ್ತದೆ.

ಪ್ರಶ್ನೆ (ಅಮ್ಮತ್ತಿ): ಕಡಿದ ಜಾಗದ ಮೇಲೆ ಬಟ್ಟೆ ಬಿಗಿದು ಕಟ್ಟಬೇಕಾ?

ಉತ್ತರ: ಕಟ್ಟಬಾರದು. ಕುಯ್ಯಬಾರದು, ಬಾಯಿಂದ ಹೀರಬಾರದು, ಐಸ್ ಇಡಬಾರದು. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಮುರಿದ ಕಾಲಿಗೆ ಪಟ್ಟಿ ಕಟ್ಟುವಂತೆ ಆ ಕೈಕಾಲು ಅಲುಗಾಡದ ಹಾಗೆ ಮಾಡಿ, ನಡೆಸದೆ ಎತ್ತಿಕೊಂಡು ಬನ್ನಿ. ಯಾರಾದರೂ ಆಗಲೇ ಬಿಗಿಯಾಗಿ ಕಟ್ಟಿದ್ದರೆ ದಾರಿಯಲ್ಲಿ ಪಟ್ಟನೆ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ನಾವು ಬಿಚ್ಚುತ್ತೇವೆ.

ಪ್ರಶ್ನೆ (ಭಾಗಮಂಡಲ ಕಡೆಯ ಪಿಎಚ್‌ಸಿ, ಸ್ಟಾಫ್ ನರ್ಸ್): ಮೇಡಂ, ನಮ್ಮಲ್ಲಿ ಎಎಸ್‌ವಿ ವಯಲ್‌ಗಳು ಇವೆ. ಆದರೆ ರಿಯಾಕ್ಷನ್ ಆದರೆ ಅನ್ನುವ ಭಯಕ್ಕೆ ಕೊಡದೆ ಕಳಿಸಿಬಿಡುತ್ತೇವೆ. ರಕ್ತ ಹೆಪ್ಪುಗಟ್ಟುತ್ತದೆಯಾ ಅಂತ ನೋಡುವ 20 ನಿಮಿಷದ ಟೆಸ್ಟ್ ಕೂಡ ಒಂದೊಂದು ಸಲ ಒಂದೊಂದು ಥರ ಬರುತ್ತದೆ.

ಉತ್ತರ: ಸಿಸ್ಟರ್, ಇದನ್ನು ಧೈರ್ಯವಾಗಿ ಬರೆದಿರಿ, ಬಹಳ ಜನರ ಮನಸ್ಸಿನಲ್ಲಿ ಇರುವುದು ಇದೇ.

ಮೊದಲು ಟೆಸ್ಟ್. ಗಾಜಿನ ಟ್ಯೂಬ್ ಆಗಿರಬೇಕು, ಒಣಗಿರಬೇಕು, ಹೊಸದಾಗಿರಬೇಕು. ಸೋಪಿನಲ್ಲಿ ತೊಳೆದ ಹಳೇ ಟ್ಯೂಬಿನಲ್ಲಿ ಸೋಪಿನ ಅಂಶ ಉಳಿದು ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಪ್ಲಾಸ್ಟಿಕ್‌ನಲ್ಲಂತೂ ನಂಬುವ ಹಾಗೇ ಇಲ್ಲ. ಒಂದೊಂದು ಥರ ಬರುವುದಕ್ಕೆ ಹೆಚ್ಚಾಗಿ ಕಾರಣ ಇದೇ. 2 ಮಿ.ಲೀ. ರಕ್ತ ಹಾಕಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗಡಿಯಾರ ನೋಡಿ. ನಡುವೆ ಎತ್ತಿ ಅಲ್ಲಾಡಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ಮುಟ್ಟಬೇಡಿ. ಸರಿಯಾಗಿ 20 ನಿಮಿಷಕ್ಕೆ ಒಂದೇ ಸಲ ಬಗ್ಗಿಸಿ. ರಕ್ತ ನೀರಿನಂತೆ ಹರಿದರೆ ಮಂಡಲದ ಜಾತಿಯ ವಿಷ ಏರಿದೆ ಅಂತ ಲೆಕ್ಕ. ಅನುಮಾನ ಬಂದರೆ ನಿಮ್ಮಲ್ಲೇ ಆರೋಗ್ಯವಾಗಿರುವ ಯಾರದ್ದಾದರೂ ರಕ್ತವನ್ನು ಪಕ್ಕದ ಟ್ಯೂಬಿಗೆ ಹಾಕಿ ಹೋಲಿಸಿ.

ಇನ್ನು ರಿಯಾಕ್ಷನ್. ವಿಷ ಏರಿದ ಲಕ್ಷಣ ಇದ್ದಾಗ ಕೊಡದೆ ಕಳಿಸುವುದೇ ರಿಯಾಕ್ಷನ್‌ಗಿಂತ ದೊಡ್ಡ ಅಪಾಯ. ಚರ್ಮಕ್ಕೆ ಟೆಸ್ಟ್ ಡೋಸ್ ಹಾಕುವ ಹಳೇ ಪದ್ಧತಿ ಬಿಡಿ, ಅದು ಏನನ್ನೂ ಹೇಳುವುದಿಲ್ಲ. ಎಎಸ್‌ವಿ ಶುರು ಮಾಡುವ ಮುಂಚೆಯೇ ಅಡ್ರಿನಾಲಿನ್ ಸಿರಿಂಜಿಗೆ ಎಳೆದು, ಲೇಬಲ್ ಅಂಟಿಸಿ, ಟ್ರೇಯಲ್ಲಿ ಇಟ್ಟಿರಿ. ದೊಡ್ಡವರಿಗೆ 0.5 ಮಿ.ಗ್ರಾಂ. ತೊಡೆಗೆ. ಪುಡಿಯ ವಯಲ್‌ಗೆ ನೀರು ಹಾಕಿದ ಮೇಲೆ ಕುಲುಕಬೇಡಿ, ನೊರೆ ಏಳುತ್ತದೆ. ಬೆರಳಲ್ಲಿ ಹಿಡಿದು ಮೆಲ್ಲಗೆ ಸುತ್ತಿಸಿ, ತಿಳಿಯಾಗುವ ತನಕ ತಾಳ್ಮೆ ಬೇಕು. ಹತ್ತು ವಯಲ್ ಕರಗಿಸುವಷ್ಟರಲ್ಲಿ ಕೈ ಸೋಲುತ್ತದೆ, ಇಬ್ಬರು ಕೂತರೆ ಒಳ್ಳೇದು. ಮೊದಲ ಡೋಸ್ 8ರಿಂದ 10 ವಯಲ್, ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆಯೊಳಗೆ. ಮಕ್ಕಳಿಗೂ ಅಷ್ಟೇ ವಯಲ್. ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ. ಸಲೈನ್ ಮಾತ್ರ ತೂಕ ನೋಡಿ ಕಡಿಮೆ ಮಾಡಬೇಕು. ಮಂಡಲದ ಕೇಸ್‌ನಲ್ಲಿ ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ಟೆಸ್ಟ್. ಇದೆಲ್ಲ ನಿಮ್ಮ ಮೆಡಿಕಲ್ ಆಫೀಸರ್ ಎದುರಿಗೆ ಇದ್ದಾಗ, ಅವರ ಆರ್ಡರ್ ಮೇಲೆ.

ಹಾವು ವಿಷ ಬಿಡದ ಒಣ ಕಡಿತವೂ ಇರುತ್ತದೆ, ವಿಷವಿಲ್ಲದ ಹಾವೂ ಇರುತ್ತದೆ. ಲಕ್ಷಣ ಇಲ್ಲದವರಿಗೆ ಎಎಸ್‌ವಿ ಬೇಡ. ಆದರೆ 24 ಗಂಟೆ ನೋಡಿಕೊಳ್ಳದೆ ಮನೆಗೆ ಬಿಡಬೇಡಿ.

ಪ್ರಶ್ನೆ (ಮಡಿಕೇರಿ, ಹೌಸ್ ಸರ್ಜನ್): ಮೇಡಂ, ಎಎಸ್‌ವಿ ಪೂರ್ತಿ ಕೊಟ್ಟರೂ ರಕ್ತ ಹೆಪ್ಪುಗಟ್ಟದ ಕೇಸ್‌ಗಳ ಬಗ್ಗೆ ಸೀನಿಯರ್‌ಗಳು ಹೇಳುತ್ತಾರೆ. ಕೊಡಗಿನಲ್ಲಿ ಅದು ಜಾಸ್ತಿ ಅಂತಾರೆ, ನಿಜವೇ?

ಉತ್ತರ: ಜಾಸ್ತಿಯೋ ಕಡಿಮೆಯೋ ಅಂತ ಹೇಳಲು ಬೇಕಾಗಿರುವುದೇ ಈ ವರದಿಗಳು. ಆದರೆ ಕಾರಣ ಗೊತ್ತಿದೆ. ನಮ್ಮ ದೇಶದ ಎಎಸ್‌ವಿ ನಾಲ್ಕು ಹಾವಿನ ವಿಷಕ್ಕೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೊಡಗಿನ ತೋಟದ ತರಗೆಲೆಯಲ್ಲಿ ಇನ್ನೊಂದು ಇದೆ, ಹಂಪ್ ನೋಸ್ಡ್ ಪಿಟ್ ವೈಪರ್. ಒಂದೂವರೆ, ಎರಡು ಗೇಣು ಉದ್ದ, ಒಣಗಿದ ಎಲೆಯದ್ದೇ ಬಣ್ಣ, ಮೂಗಿನ ತುದಿ ಚೂಪಾಗಿ ಮೇಲಕ್ಕೆ ಎದ್ದಿರುತ್ತದೆ. ಕಾಫಿ ಬುಡ ಬಿಡಿಸುವಾಗ, ಬಿದ್ದ ಕಾಫಿ ಹೆಕ್ಕುವಾಗ ಕೈಬೆರಳಿಗೇ ಕಡಿಯುತ್ತದೆ. ಸಣ್ಣದು ಅಂತ ಜನ ಲೆಕ್ಕಕ್ಕೆ ಇಡುವುದಿಲ್ಲ. ಅದರ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ, ಕೆಲವರಿಗೆ ಕಿಡ್ನಿ ಹೋಗುತ್ತದೆ. ಈಗಿನ ಎಎಸ್‌ವಿ ಅದಕ್ಕೆ ನಾಟುವುದಿಲ್ಲ. ಮಲಬಾರ್ ಪಿಟ್ ವೈಪರ್‌ದೂ ಇದೇ ಕಥೆ, ಕಾಳಿಂಗ ಸರ್ಪವೂ ಆ ನಾಲ್ಕರಲ್ಲಿ ಇಲ್ಲ.

ಕಡಿದದ್ದು ಹಂಪ್ ನೋಸ್ಡ್ ಪಿಟ್ ವೈಪರ್ ಅಂತಲೇ ಖಚಿತವಾದರೆ ವಯಲ್ ಮೇಲೆ ವಯಲ್ ಸುರಿಯಬೇಡಿ, ಪೇಷಂಟಿಗೆ ಸಿಗುವುದು ರಿಯಾಕ್ಷನ್ ಮಾತ್ರ. ಮೂತ್ರದ ಅಳತೆ, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಟ್ಯೂಬ್ ಟೆಸ್ಟ್ ದಿನಾ ನೋಡಿ. ರಕ್ತಸ್ರಾವ ಇದ್ದರೆ ಪ್ಲಾಸ್ಮಾ, ಮೂತ್ರ ಇಳಿದರೆ ಡಯಾಲಿಸಿಸ್ ಇರುವ ಕಡೆಗೆ. ಮೊದಲ ದಿನ ಊದಿದ ಬೆರಳು ಬಿಟ್ಟು ಏನೂ ಕಾಣದೆ, ಎರಡನೇ ದಿನ ಒಸಡಿನಲ್ಲಿ ರಕ್ತ ಬರಬಹುದು, ಬೇಗ ಡಿಸ್ಚಾರ್ಜ್ ಮಾಡಬೇಡಿ. ಆದರೆ ಯಾವ ಹಾವು ಅಂತ ಗೊತ್ತಿಲ್ಲದಿದ್ದರೆ, ರಕ್ತ ಹೆಪ್ಪುಗಟ್ಟದಿದ್ದರೆ, ಕೊಳಕುಮಂಡಲ ಅಂತಲೇ ತಿಳಿದು ಎಎಸ್‌ವಿ ಶುರು ಮಾಡಿ.

ವರದಿಯಲ್ಲಿ ನೀವು ಹಾಕುವ ಒಂದು ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಔಷಧಿಗೆ ಬೇಕಾದ ವಿಷ ಹೆಚ್ಚಾಗಿ ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಪಶ್ಚಿಮ ಘಟ್ಟಕ್ಕೆ ಬೇರೆ ಎಎಸ್‌ವಿ ಬೇಕು ಅಂತ ಕೇಳಬೇಕಾದರೆ, ಇಂಥ ತೋಟದಲ್ಲಿ, ಇಂಥ ಹಾವು, ಇಷ್ಟು ವಯಲ್‌ಗೂ ಬಗ್ಗಲಿಲ್ಲ ಅನ್ನುವ ದಾಖಲೆ ನಮ್ಮ ಕೈಯಲ್ಲಿರಬೇಕು. ಕೇಸ್ ಶೀಟಿನಲ್ಲಿ ಬರೀ ‘ಹಾವು ಕಡಿತ’ ಅಂತ ಬರೆದು ಮುಗಿಸಬೇಡಿ. ದೂರದಿಂದ ಮೊಬೈಲ್‌ನಲ್ಲಿ ತೆಗೆದ ಫೋಟೋ ಇದ್ದರೆ ಜೋಡಿಸಿ. ಹಿಡಿಯಲು, ಹೊಡೆಯಲು ಯಾರೂ ಹೋಗಬಾರದು. ಎರಡನೇ ಕಡಿತ ಆಗುವುದು ಆಗಲೇ.

ಪ್ರಶ್ನೆ (ಪೊನ್ನಂಪೇಟೆ ತಾಲ್ಲೂಕು, ಆಶಾ ಕಾರ್ಯಕರ್ತೆ): ಮೇಡಂ, ನಮ್ಮ ಹಾಡಿಯಲ್ಲಿ ಯರವರು, ಜೇನುಕುರುಬರು ಹೆಚ್ಚು. ಮೊದಲು ನಾಟಿ ಮದ್ದಿಗೆ ಹೋಗುತ್ತಾರೆ. ಬೈದರೆ ನನಗೆ ಹೇಳುವುದನ್ನೇ ಬಿಡುತ್ತಾರೆ.

ಉತ್ತರ: ಬೈಯಬೇಡಿ ಅಕ್ಕ. ಮದ್ದು ಕೊಡುವವರನ್ನೇ ಮಾತಾಡಿಸಿ. ಅವರಿಗೆ ಕೆಲವು ಲಕ್ಷಣ ಹೇಳಿಕೊಡಿ: ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ಎಂಜಲು ನುಂಗಲು ಆಗದಿರುವುದು, ಒಸಡಿನಲ್ಲಿ ಅಥವಾ ಮೂತ್ರದಲ್ಲಿ ರಕ್ತ. ಇವು ಕಾಣುವ ಮೊದಲೇ ಹೊರಡಿಸಿದರೆ ಇನ್ನೂ ಒಳ್ಳೇದು. ಮದ್ದಿನವರು ‘ಆಸ್ಪತ್ರೆಗೆ ಹೋಗು’ ಅಂದರೆ ಹಾಡಿಯವರು ನನ್ನ ಮಾತಿಗಿಂತ ಬೇಗ ಕೇಳುತ್ತಾರೆ.

ಕಟ್ಟುಹಾವಿನ ವಿಷಯ ಬೇರೆಯಾಗಿ ಹೇಳಿ. ಅದು ರಾತ್ರಿ, ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ. ನೋವಿಲ್ಲ, ಊತವಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ಕಣ್ಣು ಬಿಡಲಾಗದು ಅಂದರೆ ಗ್ಯಾಸ್ ಅಂತ ಮಾತ್ರೆ ಕೊಡದೆ ಕರೆದುಕೊಂಡು ಬನ್ನಿ. ಸೊಳ್ಳೆಪರದೆಯನ್ನು ಚಾಪೆಯ ಕೆಳಗೆ ಸಿಕ್ಕಿಸಿ ಮಲಗುವುದು ಇದಕ್ಕೆ ಒಳ್ಳೆಯ ತಡೆ.

ಪ್ರಶ್ನೆ (ಸೋಮವಾರಪೇಟೆ, ಪಿಎಚ್‌ಸಿ ವೈದ್ಯರು): ರೆಫರ್ ಮಾಡುವಾಗ ಚೀಟಿಯಲ್ಲಿ ಏನೇನು ಇದ್ದರೆ ನಿಮಗೆ ಅನುಕೂಲ ಮೇಡಂ?

ಉತ್ತರ: ಕಡಿದ ಹೊತ್ತು, ಜಾಗ, ಟ್ಯೂಬ್ ಟೆಸ್ಟ್ ಎಷ್ಟು ಗಂಟೆಗೆ ಮಾಡಿದಿರಿ, ಏನು ಬಂತು, ಎಷ್ಟು ವಯಲ್ ಎಷ್ಟು ಗಂಟೆಗೆ ಮುಗಿಯಿತು, ರಿಯಾಕ್ಷನ್ ಆಯಿತೇ, ಬೇರೆ ಯಾವ ಇಂಜೆಕ್ಷನ್ ಕೊಟ್ಟಿರಿ. ಊತ ಎಲ್ಲಿವರೆಗೆ ಇದೆ ಅಂತ ಕಾಲಿನ ಮೇಲೇ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದು ಕಳಿಸಿ. ಅದು ಒಂದು ಪುಟ ವಿವರಣೆಗಿಂತ ಮೇಲು. ರೆಪ್ಪೆ ಜೋತಿದ್ದರೆ ನಿಯೋಸ್ಟಿಗ್ಮಿನ್, ಅಟ್ರೋಪಿನ್ ಇಂಜೆಕ್ಷನ್ ಕೊಟ್ಟು ನೋಡಿ, ನಾಗರಹಾವಿನ ಕಡಿತಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಕಟ್ಟುಹಾವಿಗೆ ಅಷ್ಟಾಗಿ ಇಲ್ಲ. ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾರೆ ಕೇಳಿ ಬರೆಯಿರಿ. ಎಣಿಕೆ ಇಳಿಯುತ್ತಿದ್ದರೆ ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತಲು ಬರುವ ಒಬ್ಬರು ಆಂಬುಲೆನ್ಸ್‌ನಲ್ಲಿ ಇರಲೇಬೇಕು. ಹೊರಡುವ ಮುಂಚೆ ನಮ್ಮ ಕ್ಯಾಶುವಾಲ್ಟಿಗೆ ಒಂದು ಫೋನ್ ಮಾಡಿ, ನೀವು ಘಾಟಿ ದಾಟಿ ಬರುವಷ್ಟರಲ್ಲಿ ಬೆಡ್, ವೆಂಟಿಲೇಟರ್ ಹೊಂದಿಸಿ ಇಟ್ಟಿರುತ್ತೇವೆ. ಐಎಚ್‌ಐಪಿಯಲ್ಲಿ ನಿಮ್ಮ ಕಡೆಯ ಎಂಟ್ರಿಯನ್ನೂ ಅದೇ ದಿನ ಹಾಕಿಬಿಡಿ.